ಹಳೆಯ ಕೋವಿಯಲ್ಲಿ ಅಂದ ಹುಡುಕುವುದು ತಪ್ಪಲ್ಲ

ಸೆಕೆಂಡ್ ಹ್ಯಾಂಡ್ ಕೋವಿ ಕೊಳ್ಳಲು ಹೊರಟವರಿಗೆ ಸಿಗುವ ಮೊದಲ ಬುದ್ಧಿಮಾತು, "ಅಂದಚೆಂದ ಕಟ್ಟಿಕೊಂಡು ಏನು ಮಾಡ್ತೀರಿ, ಗಟ್ಟಿಮುಟ್ಟಾಗಿದೆಯಾ ನೋಡಿ" ಅನ್ನುವುದು. ನಾನು ಇದನ್ನು ಒಪ್ಪುವುದಿಲ್ಲ. ಒಂದು ಕೋವಿ ಕೈಗೆ ಬಂದರೆ ಇಪ್ಪತ್ತು ಮೂವತ್ತು ವರ್ಷ ಜೊತೆಗಿರುತ್ತದೆ. ಒರೆಸುವಾಗ, ಎಣ್ಣೆ ಹಚ್ಚುವಾಗ ಕಣ್ಣಿಗೆ ಖುಷಿ ಕೊಡಬೇಕು ಅಲ್ವಾ? ದುಡ್ಡು ಕಡಿಮೆ ಇದೆ ಅಂದ ಮಾತ್ರಕ್ಕೆ ಆ ಆಸೆ ಬಿಡಬೇಕಾಗಿಲ್ಲ. ಆದರೆ ಕೋವಿಯ ಅಂದ ಎಲ್ಲಿರುತ್ತದೆ ಅಂತ ಗೊತ್ತಿರಬೇಕು. ಗೊತ್ತಿದ್ದರೆ ಅಂದ ಹುಡುಕುವ ಕಣ್ಣೇ ಕೋವಿಯ ಹುಳುಕನ್ನೂ ಹಿಡಿದುಕೊಡುತ್ತದೆ.

ನನ್ನ ಮೊದಲ ಜೋಡಿನಳಿಗೆ ಕೋವಿ ನೋಡಲು ಹೊಚ್ಚಹೊಸದರಂತಿತ್ತು. ನಳಿಗೆ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಮಾರಿದವರು "ಹೆಚ್ಚು ಬಳಸಿಯೇ ಇಲ್ಲ" ಅಂದರು, ನಂಬಿದೆ. ಕೆಲವು ತಿಂಗಳ ನಂತರ ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ನಳಿಗೆ ಕಳಚಿ, ಅದರ ಕೆಳಗಿನ ಕೊಕ್ಕೆಯಿಂದ ಬೆರಳಿಗೆ ನೇತುಹಾಕಿ, ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ದಬ್ ಅಂದಿತು. ಮೂಲೆಯಲ್ಲಿದ್ದ ಇನ್ನೊಂದು ಹಳೆಯ, ಬಣ್ಣ ಮಾಸಿದ ನಳಿಗೆಯನ್ನು ಹಾಗೇ ತಟ್ಟಿದರು. ಗಂಟೆಯ ಹಾಗೆ ಠಣ್ ಅಂದು ತುಂಬಾ ಹೊತ್ತು ಗುಂಯ್‌ಗುಟ್ಟಿತು.

ಆ ದಬ್ ಸದ್ದಿನ ಅರ್ಥ, ಎರಡು ನಳಿಗೆಗಳನ್ನು ಕೂಡಿಸುವ ರಿಬ್ ಪಟ್ಟಿ ಬೆಸುಗೆ ಬಿಟ್ಟಿದೆ ಅಂತ. ಹಳೆಯ ಕೋವಿಗಳಲ್ಲಿ ಈ ಪಟ್ಟಿಯನ್ನು ಸಾಮಾನ್ಯವಾಗಿ ಸೀಸ, ತವರದ ಮೆತ್ತನೆ ಬೆಸುಗೆಯಿಂದ ಕೂಡಿಸಿರುತ್ತಾರೆ. ಯಾರೋ ನನ್ನ ಕೋವಿಯ ನಳಿಗೆಯನ್ನು ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಅದ್ದಿ ಹೊಸ ಕಪ್ಪು ಬಣ್ಣ ಬರಿಸಿದ್ದರು. ಆ ದ್ರಾವಣ ಬೆಸುಗೆಯನ್ನು ತಿಂದುಹಾಕುತ್ತದೆ. ಅಂಥ ನಳಿಗೆಗೆ ನಿಧಾನವಾಗಿ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ ಬಣ್ಣ ತರುವ ರಸ್ಟ್ ಬ್ಲೂಯಿಂಗ್ ಮಾತ್ರ ಸರಿ. ನಾನು ಯಾವ ಹೊಳಪಿಗೆ ಮರುಳಾಗಿ ದುಡ್ಡು ಕೊಟ್ಟೆನೋ ಆ ಹೊಳಪೇ ಕೋವಿಯನ್ನು ಕೆಡಿಸಿತ್ತು.

ಅಂದಿನಿಂದ ನಾನು ಹೊಳಪು ನೋಡುವುದನ್ನು ಬಿಟ್ಟು ಅಂಚು ನೋಡುತ್ತೇನೆ. ತಯಾರಾದಾಗ ಕೋವಿಯ ಅಂಚುಗಳು ಚೂಪಾಗಿರುತ್ತವೆ. ಅಕ್ಷರಗಳು ಆಳವಾಗಿ, ಸ್ಪಷ್ಟವಾಗಿರುತ್ತವೆ. ಯಂತ್ರದಲ್ಲಿ ಪಾಲಿಶ್ ಹೊಡೆಸಿದರೆ ಅಂಚು ಕರಗಿದ ಸೋಪಿನ ಹಾಗೆ ದುಂಡಗಾಗುತ್ತದೆ, ಕಂಪನಿ ಹೆಸರು ಮಸುಕಾಗುತ್ತದೆ, ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗು ಬೀಳುತ್ತದೆ. ನಿಜವಾಗಿ ಬಳಸಿ ಸವೆದ ಕೋವಿ ಬೇರೆ ಥರ. ಕೈ ಹಿಡಿಯುವ ಜಾಗದಲ್ಲಿ ಮಾತ್ರ ಬಣ್ಣ ಹೋಗಿ ಬೆಳ್ಳಿಯಂತಾಗಿರುತ್ತದೆ. ಕೈ ತಾಗದ ಕಡೆ, ಅಂದರೆ ಕೋವಿ ತೆರೆಯುವ ಮೇಲಿನ ಲಿವರ್ ಅಡಿಯಲ್ಲಿ, ಕೇಸ್ ಹಾರ್ಡನಿಂಗ್‌ನ, ಅಂದರೆ ಲೋಹದ ಮೇಲ್ಮೈ ಗಟ್ಟಿಮಾಡುವಾಗ ಮೂಡುವ, ನೀಲಿ ಕಂದು ಮೋಡಗಳು ಇನ್ನೂ ಉಳಿದಿರುತ್ತವೆ. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ್ದು ಬೇರೆ ಇಲ್ಲ.

ಸ್ಕ್ರೂಗಳನ್ನು ಹತ್ತಿರದಿಂದ ನೋಡಿ, ಬೇಕಾದರೆ ಭೂತಗನ್ನಡಿ ಹಿಡಿಯಿರಿ. ಒಳ್ಳೆಯ ಕೆಲಸಗಾರರು ಮಾಡಿದ ಕೋವಿಯಲ್ಲಿ ಸ್ಕ್ರೂ ತಲೆಯ ಸೀಳು ಕೂದಲಿನಷ್ಟು ಸಣ್ಣಗೆ, ಹೆಚ್ಚಾಗಿ ಎಲ್ಲವೂ ನಳಿಗೆಯ ದಿಕ್ಕಿಗೇ ಇರುತ್ತವೆ. ಸೀಳು ಕಿತ್ತುಹೋಗಿ ಅಂಚು ಎದ್ದಿದ್ದರೆ, ಸರಿಯಾದ ಸ್ಕ್ರೂಡ್ರೈವರ್ ಇಲ್ಲದವರು ಯಾರೋ ಒಳಗೆ ಕೈ ಹಾಕಿದ್ದಾರೆ ಅಂತ ಲೆಕ್ಕ. ಅಂಥ ಕೋವಿಯನ್ನು ನಾನು ಮರುಮಾತಿಲ್ಲದೆ ವಾಪಸ್ ಇಡುತ್ತೇನೆ.

ನಳಿಗೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮರ, ಸ್ಕ್ರೂ, ಸ್ಪ್ರಿಂಗ್ ಎಲ್ಲವನ್ನೂ ಸರಿ ಮಾಡಿಸಬಹುದು. ನಳಿಗೆ ಕೆಟ್ಟರೆ ರಿಪೇರಿಗೆ ಎಷ್ಟೋ ಸಲ ಕೋವಿಯ ಬೆಲೆಗಿಂತ ಜಾಸ್ತಿ ಹೋಗುತ್ತದೆ. ಕೋವಿ ಕೈಗೆ ಬಂದ ತಕ್ಷಣ, ಯಾರು ಏನೇ ಹೇಳಿರಲಿ, ನಳಿಗೆ ಬಾಗಿಸಿ ತೆರೆದು ನೋಡಿ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ನಳಿಗೆ ಕಳಚಿ ಬೆಳಕಿಗೆ ಹಿಡಿದು ಒಳಗೆ ನೋಡಿ. ಬೆಳಕಿನ ಉಂಗುರಗಳು ಗುಂಡಗಿರಬೇಕು. ಎಲ್ಲಾದರೂ ಸೊಟ್ಟಗಾದರೆ ಅಲ್ಲಿ ತಗ್ಗಿದೆ ಅಂತ ಅರ್ಥ. ಕಪ್ಪು ಚುಕ್ಕಿಗಳಿದ್ದರೆ ತುಕ್ಕು ಕೊರೆದ ಗುಳಿಗಳಿರಬಹುದು. ಗುಳಿಗಳನ್ನು ಉಜ್ಜಿ ತೆಗೆದಿದ್ದರೆ ಗೋಡೆ ತೆಳುವಾಗಿರುತ್ತದೆ. ರಿಪೇರಿಯವರ ಬಳಿ ಗೇಜ್ ಹಾಕಿಸಿ. ಎಲ್ಲಾದರೂ 0.5 ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ನಾನಂತೂ ಮುಟ್ಟುವುದಿಲ್ಲ. ಬಾಯಿ ಕಡೆ ಎರಡು ನಳಿಗೆಗಳ ನಡುವೆ ಸಂದು ಕಂಡರೆ ಯಾರೋ ತುದಿ ಕತ್ತರಿಸಿರಬಹುದು. ಹಾಗಾಗಿದ್ದರೆ ಚೋಕ್, ಅಂದರೆ ಚರೆ ಹೆಚ್ಚು ಹರಡದಂತೆ ಬಾಯಿಯನ್ನು ಕಿರಿದು ಮಾಡಿದ ಭಾಗ, ಹೋಯಿತು, ಕೋವಿಯ ಗಾತ್ರದ ಹದವೂ ಹೋಯಿತು. ಕೊನೆಗೆ ಮುಂದಿನ ಮರದ ತುಂಡು ತೆಗೆದು, ಕೋವಿ ಮುಚ್ಚಿ ಅಲುಗಾಡಿಸಿ. ಲಟಲಟ ಅಂದರೆ ಬೇಡ.

ಡಮಾಸ್ಕಸ್ ನಳಿಗೆ ನೋಡಿ ಮನಸೋಲುವವರು ಜಾಸ್ತಿ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿ ಮಾಡಿ, ಸುತ್ತಿ, ಬಡಿದು ಬೆಸೆದ ಆ ಸುರುಳಿ ಚಿತ್ತಾರ ನಿಜಕ್ಕೂ ಅದ್ಭುತ. ಆದರೆ ಅವುಗಳಲ್ಲಿ ಹೆಚ್ಚಿನವು ಕರಿಮದ್ದಿನ ಕಾಲದವು. ಹೊಗೆಯಿಲ್ಲದ ಇಂದಿನ ಮದ್ದಿಗೆ ನಳಿಗೆಯನ್ನು ಪರೀಕ್ಷಿಸಿ ಒತ್ತಿದ ನೈಟ್ರೋ ಪ್ರೂಫ್ ಮುದ್ರೆ ಇಲ್ಲದಿದ್ದರೆ ಇಂದಿನ ತೋಟಾ ಅದರೊಳಗೆ ಹೋಗಲೇಬಾರದು.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಹಳೆಯ ಬ್ರಿಟಿಷ್ 12 ಬೋರ್ ಕೋವಿಗಳಲ್ಲಿ ಬಹಳಷ್ಟರ ತೋಟಾಮನೆ 65 ಮಿಲಿಮೀಟರ್, ಅಂದರೆ ಎರಡೂವರೆ ಇಂಚು. ಇಂದು ಸಿಗುವ ಮಾಮೂಲಿ ತೋಟಾ 70 ಮಿಲಿಮೀಟರ್. ಈ ಅಳತೆ ತೋಟಾದ ಬಾಯಿ ಬಿಚ್ಚಿಕೊಂಡ ಮೇಲಿನದು. ಆದ್ದರಿಂದ ಉದ್ದದ ತೋಟಾ ಗಿಡ್ಡ ಮನೆಯೊಳಗೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಈಡು ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಹಾಗಾಗಿ ನಳಿಗೆಯ ಕೆಳಗಿನ ಪ್ರೂಫ್ ಮುದ್ರೆಗಳನ್ನು ಓದದೆ ತೋಟಾ ಕೊಳ್ಳಬೇಡಿ. ತೆಳು ನಳಿಗೆಯ ಹಳೆಯ ಕೋವಿಗೆ ಉಕ್ಕಿನ ಚರೆಯೂ ಬೇಡ.

ಹಾಗಾದರೆ ಸಣ್ಣ ದುಡ್ಡಿಗೆ ಯಾವುದು? ನನ್ನ ಮತ ಬಾಕ್ಸ್‌ಲಾಕ್‌ಗೆ, ಅಂದರೆ ಈಡು ಹಾರಿಸುವ ಯಂತ್ರ ಕೋವಿಯ ಮೈಯೊಳಗೇ ಅಡಗಿರುವ ಕೋವಿಗೆ. 1875ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆ್ಯನ್ಸನ್ ಮತ್ತು ಡೀಲಿ ರೂಪಿಸಿದ ಈ ವಿನ್ಯಾಸದಲ್ಲಿ ಬಿಡಿಭಾಗಗಳು ಕಡಿಮೆ, ಬಾಳಿಕೆ ಜಾಸ್ತಿ. ಯಂತ್ರವನ್ನು ಪಕ್ಕದ ತಗಡುಗಳ ಮೇಲೆ ಕೂರಿಸಿದ ಅಗ್ಗದ ಸೈಡ್‌ಲಾಕ್‌ಗಿಂತ ಒಳ್ಳೆಯ ಬಾಕ್ಸ್‌ಲಾಕ್ ಎಷ್ಟೋ ಮೇಲು. ವೆಬ್ಲಿ ಅಂಡ್ ಸ್ಕಾಟ್ ಮಾಡಿದ್ದಾಗಲಿ, ಸ್ಪೇನಿನ ಐಬರ್ ಪಟ್ಟಣದ ಎವೈಎ ಕಂಪನಿಯ ನಂಬರ್ 4 ಆಗಲಿ ಸಿಕ್ಕರೆ ನಿಂತು ನೋಡಿ. ಈಡು ಹಾರಿದ ಖಾಲಿ ತೋಟಾವನ್ನು ತಾನೇ ಹೊರಗೆ ಚಿಮ್ಮಿಸುವ ಎಜೆಕ್ಟರ್ ಇಲ್ಲದ ಕೋವಿಗೆ ಬೆಲೆ ಕಡಿಮೆ, ಅಂದಕ್ಕೆ ಏನೂ ಕೊರತೆಯಿಲ್ಲ. ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವ ಪಂಪ್ ಕೋವಿ ಇಷ್ಟಪಡುವವರಿಗೆ 1912ರಲ್ಲಿ ಬಂದ ವಿಂಚೆಸ್ಟರ್ ಮಾಡೆಲ್ 12, ಕೆಳಗಿನಿಂದ ಖಾಲಿ ತೋಟಾ ಉದುರಿಸುವ ಇಥಾಕಾ 37 ಇವೆ. ಎರಡರ ಮೈಯಲ್ಲೂ ಉಕ್ಕನ್ನು ಕೊರೆದು ಮಾಡಿದ ಕೆಲಸದ ನಯ ಕಾಣುತ್ತದೆ.

ಕೆತ್ತನೆಗೆ ದುಡ್ಡು ಸುರಿಯಬೇಡಿ. ಅಗ್ಗದ ಕೋವಿಯ ಮೇಲಿನ ಒರಟು ಹಕ್ಕಿ, ನಾಯಿ ಚಿತ್ರಗಳಿಗಿಂತ ಸುಮ್ನೆ ಅಂಚಿಗೊಂದು ಗೆರೆ ಎಳೆದ ಕೋವಿ ಎಷ್ಟೋ ಚೆಂದ. ಆ ದುಡ್ಡನ್ನು ಮರಕ್ಕೆ ಕೊಡಿ. ವಾಲ್ನಟ್ ಮರದ ನಾರು, ಕೈ ಹಿಡಿಯುವ ಸಣ್ಣ ಕತ್ತಿನಲ್ಲಿ ನೇರವಾಗಿ ಹರಿದು, ಹಿಂದಿನ ಅಗಲ ಭಾಗದಲ್ಲಿ ಬೇಕಾದಂತೆ ಸುಳಿಯಾಡಲಿ. ಕತ್ತಿನಲ್ಲೇ ಸುಳಿಯಿದ್ದರೆ ಅಲ್ಲೇ ಸೀಳಬಹುದು. ಉಕ್ಕು, ಮರ ಸೇರುವ ಜಾಗ ಕಪ್ಪಗಿದ್ದರೆ ವರ್ಷಗಟ್ಟಲೆ ಇಳಿದ ಎಣ್ಣೆ ಮರವನ್ನು ಮೆತ್ತಗೆ ಮಾಡಿರಬಹುದು. ಉಗುರಿನಿಂದ ಒತ್ತಿ ನೋಡಿ.

ಲೈಸೆನ್ಸ್, ಕಾಗದಪತ್ರ, ನಂಬರ್ ತಾಳೆಯಾಗುವುದು ಇವೆಲ್ಲ ಮೊದಲು ಆಗಬೇಕು. ಅದರಲ್ಲಿ ಚೌಕಾಸಿಯೇ ಇಲ್ಲ.

ಈಗ ನನ್ನ ಬಳಿ ಇರುವುದು ಎರಡು ಟ್ರಿಗರ್‌ನ ಒಂದು ಸಾದಾ ಬಾಕ್ಸ್‌ಲಾಕ್. ನಳಿಗೆಯ ಬಣ್ಣ ಅರ್ಧ ಹೋಗಿದೆ, ತಟ್ಟಿದರೆ ಠಣ್ ಅನ್ನುತ್ತದೆ. ಕೊಳ್ಳುವಾಗ ಹಿಡಿಯ ಮರದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ತಗ್ಗಿತ್ತು, ಅದಕ್ಕಾಗಿಯೇ ಬೆಲೆ ಇಳಿಯಿತು. ಮನೆಗೆ ತಂದು ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆಯ ತುದಿ ಮುಟ್ಟಿಸಿದೆ. ಚುಸ್ ಅಂತ ಹಬೆ ಎದ್ದಿತು. ಅದುಮಿದ ನಾರು ನೀರು ಕುಡಿದು ಉಬ್ಬತೊಡಗಿತು. ನಾಲ್ಕನೇ ಸಲಕ್ಕೆ ತಗ್ಗು ಎಲ್ಲಿತ್ತು ಅಂತ ಬೆರಳಿಗೆ ಗೊತ್ತಾಗಲಿಲ್ಲ. ಮರ ಪೂರ್ತಿ ಒಣಗಲು ಬಿಟ್ಟು, ಅಗಸೆ ಎಣ್ಣೆಯ ಎರಡು ಹನಿ ಅಂಗೈಗೆ ಹಾಕಿಕೊಂಡು ಬಿಸಿಯಾಗುವವರೆಗೆ ಉಜ್ಜಿದೆ. ಅದುವರೆಗೆ ಕೊಳೆಯ ಅಡಿ ಅಡಗಿದ್ದ ಕೆಂಪು ಗೆರೆಗಳು ಒಂದೊಂದೇ ಎದ್ದು ಬಂದವು.