ವಿಷಯ: ತಿರುಪು ಹುಡುಕಲು ಅನುಮತಿ ಕೋರಿ

ನಮ್ಮಾಕೆಯ ಬಲಗಿವಿ ಓಲೆಯ ತಿರುಪು ಪಾರ್ಕಿನಲ್ಲಿ ಬಿದ್ದುಹೋಯಿತು. ಓಲೆ ಅಲ್ಲ, ಬರೀ ತಿರುಪು. ಓಲೆ ಹೇಗೋ ಕೂದಲಿಗೆ ಸಿಕ್ಕಿಕೊಂಡು ಉಳಿದಿತ್ತು. "ಹೋಗಲಿ ಬಿಡು, ಆಚಾರಿ ಹತ್ತಿರ ಇನ್ನೊಂದು ಮಾಡಿಸೋಣ" ಅಂದೆ. ಚಿನ್ನ ಗ್ರಾಂಗೆ ಹತ್ತು ಸಾವಿರ ದಾಟಿದ ಮೇಲೆ ಗಂಡಂದಿರು ಆಡಬಾರದ ಮಾತು ಅದು. ಜೊತೆಗೆ ಅದು ಅವರಮ್ಮ ಕೊಟ್ಟ ಓಲೆ.

ಎರಡು ದಿನ ಇಬ್ಬರೂ ವಾಕಿಂಗ್ ಹಾದಿಯಲ್ಲಿ ತಲೆ ತಗ್ಗಿಸಿಕೊಂಡು ಸುತ್ತಿದೆವು. ಎದುರು ಬಂದವರು "ಏನು ಸಾರ್, ಮನೇಲಿ ಜಗಳವಾ?" ಅಂತ ಕೇಳಿದರು. ಮೂರನೇ ದಿನ ನಿಜವಾಗಿಯೂ ಜಗಳವಾಯಿತು.

ಆಗ ನೆನಪಾದವನು ಅಕ್ಕನ ಮಗ. ಲಾಕ್‌ಡೌನಿನಲ್ಲಿ ಮಾಡಲು ಕೆಲಸವಿಲ್ಲದೆ ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿ, ಆಮೇಲೆ ಅಟ್ಟಕ್ಕೆ ಹಾಕಿದ್ದ. ಉದ್ದನೆಯ ಕೋಲು, ತುದಿಯಲ್ಲಿ ಊಟದ ತಟ್ಟೆಯಂಥದ್ದು. "ಮಾವ, ಈ ತಟ್ಟೇಲಿ ತಂತಿ ಸುರುಳಿ ಇದೆ. ಇದು ನೆಲಕ್ಕೆ ಕಾಂತಕ್ಷೇತ್ರ ಬಿಡುತ್ತೆ. ಕೆಳಗೆ ಲೋಹ ಇದ್ದರೆ ಅದರೊಳಗೆ ಸಣ್ಣ ಕರೆಂಟ್ ಸುತ್ತೋಕೆ ಶುರುವಾಗುತ್ತೆ. ಅದರ ಕಾಂತಕ್ಷೇತ್ರ ವಾಪಸ್ ಬಂದ ತಕ್ಷಣ ಮಿಷನ್ ಕೂಗುತ್ತೆ" ಅಂದ. ಚಿನ್ನಕ್ಕೆ ಬೇರೆ ಥರ ಕೂಗುತ್ತಾ ಅಂತ ಕೇಳಿದೆ. ಸ್ವಲ್ಪ ತಡೆದು, "ಸಣ್ಣ ಚಿನ್ನಕ್ಕೂ ಚಾಕೊಲೇಟ್ ಸುತ್ತಿದ ಹಾಳೆಗೂ ಹೆಚ್ಚುಕಮ್ಮಿ ಒಂದೇ ಕೂಗು ಮಾವ" ಅಂದ. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಮರುದಿನ ಜನ ಸೇರುವ ಮುಂಚೆ ಮುಗಿಸೋಣ ಅಂತ ಐದು ಗಂಟೆಗೇ ಪಾರ್ಕಿಗೆ ಹೋದೆ. ಕತ್ತಲು. ಕಿವಿಗೆ ಹೆಡ್‌ಫೋನ್. ಹೂವಿನ ಪಾತಿಯ ಹತ್ತಿರ ಬಗ್ಗಿ ಕೋಲು ಆಡಿಸುತ್ತಿದ್ದಾಗ ಭುಜದ ಮೇಲೆ ಕೈ ಬಿತ್ತು. ಕಾವಲುಗಾರ. ಬೆಚ್ಚಿಬಿದ್ದ ರಭಸಕ್ಕೆ ಜೇಬಿನಿಂದ ಎರಡು ನಿಂಬೆಹಣ್ಣು ಉರುಳಿ ಅವನ ಕಾಲ ಬಳಿ ನಿಂತವು. ಹಿಂದಿನ ಸಂಜೆ ಚಿತ್ರಾನ್ನಕ್ಕೆ ಅಂತ ತಂದವು, ಜೇಬಿನಲ್ಲೇ ಮರೆತಿದ್ದೆ. ಅವನು ನಿಂಬೆಹಣ್ಣು ನೋಡಿದ, ಕೋಲು ನೋಡಿದ, ಆಮೇಲೆ ಆಕಾಶ ನೋಡಿದ. ಅವತ್ತು ಅಮಾವಾಸ್ಯೆ ಅನ್ನುವುದು ನನಗೆ ಮನೆಗೆ ಬಂದು ಕ್ಯಾಲೆಂಡರ್ ನೋಡಿದ ಮೇಲೆ ಗೊತ್ತಾಯಿತು.

"ನಿಧಿನಾ ಸಾರ್?" ಅಂದ, ತಗ್ಗಿದ ದನಿಯಲ್ಲಿ.

"ಅಲ್ಲಪ್ಪ, ತಿರುಪು."

ಅವನು ನಂಬಲಿಲ್ಲ. ನಾನೇ ಆಗಿದ್ದರೂ ನಂಬುತ್ತಿರಲಿಲ್ಲ. ನಿಧಿಗಾಗಿ ಮಾಟ ಮಂತ್ರ ಮಾಡುವುದು ನಮ್ಮ ರಾಜ್ಯದಲ್ಲಿ 2017ರ ಕಾಯ್ದೆ ಪ್ರಕಾರ ಅಪರಾಧ. ನನ್ನ ಕೈಯಲ್ಲಿ ಕುಂಕುಮ ಒಂದು ಇರಲಿಲ್ಲ ಅಷ್ಟೇ. "ಪರ್ಮಿಷನ್ ತಗೊಂಡು ಬನ್ನಿ" ಅಂದ. ನಿಂಬೆಹಣ್ಣನ್ನು ಮಾತ್ರ ಮುಟ್ಟಲಿಲ್ಲ, ನನ್ನಿಂದಲೇ ಎತ್ತಿಸಿದ.

ಹೀಗೆ ನಾನು ಕಚೇರಿಗೆ ಹೋದೆ. ಗುಮಾಸ್ತರು ಒಳ್ಳೆಯವರು, ಅದೇ ತೊಂದರೆ. ಆಗಲ್ಲ ಅಂದಿದ್ದರೆ ಮನೆಗೆ ಬಂದು ಆಚಾರಿಗೆ ಫೋನ್ ಮಾಡುತ್ತಿದ್ದೆ. ಅವರು ಕುಳ್ಳಿರಿಸಿ ಯೋಚನೆ ಮಾಡಿದರು. ಯೋಗ ಶಿಬಿರಕ್ಕೆ ಅರ್ಜಿ ಇದೆ, ರಾಜ್ಯೋತ್ಸವಕ್ಕೆ ಇದೆ, ಶೂಟಿಂಗಿಗೂ ಇದೆ. ಇದು ಯಾವುದಕ್ಕೆ ಬರುತ್ತೆ? "ಶೂಟಿಂಗ್ ಅಂತ ಬರೆದುಕೊಡಿ, ಬೇಗ ಆಗುತ್ತೆ" ಅಂದರು. ಶೂಟಿಂಗಿಗೆ ಬಾಡಿಗೆ ಕಟ್ಟಬೇಕು. ತಿರುಪಿನ ಬೆಲೆಗಿಂತ ಜಾಸ್ತಿ.

ಅಕ್ಕನ ಮಗ ಹೇಳಿಕೊಟ್ಟಿದ್ದನ್ನು ನಾನು ಹೇಳಿಬಿಟ್ಟೆ. "ನ್ಯೂಯಾರ್ಕಿನ ಪಾರ್ಕುಗಳಲ್ಲಿ ಇದಕ್ಕೇ ಅಂತ ಪರ್ಮಿಟ್ ಕೊಡ್ತಾರಂತೆ ಸಾರ್. ಸೆಂಟ್ರಲ್ ಪಾರ್ಕಿನಂಥ ಕೆಲವಕ್ಕೆ ಬಿಡೋದಿಲ್ಲವಂತೆ." ಅವರಿಗೆ ಖುಷಿಯಾಯಿತು. "ಅವರ ಫಾರಂ ಒಂದು ತನ್ನಿ, ಕನ್ನಡ ಮಾಡಿಸಿಬಿಡೋಣ" ಅಂದರು.

ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಒಂದು ವೇಳೆ ನಿಧಿನೇ ಸಿಕ್ಕರೆ?" ಅಂದರು. ಇದಕ್ಕೆ ನಾನು ತಯಾರಾಗಿ ಹೋಗಿದ್ದೆ. ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರರು ರಾತ್ರಿ ಎರಡು ಗಂಟೆ ಪಾಠ ಮಾಡಿದ್ದರು. ಬ್ರಿಟಿಷರ 1878ರ ಕಾಯ್ದೆಯಲ್ಲಿ ನೆಲದೊಳಗೆ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂತಿದೆ, ಕರ್ನಾಟಕಕ್ಕೆ 1962ರದ್ದೇ ಬೇರೆ ಕಾಯ್ದೆ ಇದೆ ಅಂತೆಲ್ಲ ಒಪ್ಪಿಸಿದೆ. ಗುಮಾಸ್ತರು ನಿರಾಳವಾದರು. "ಹಾಗಾದರೆ ಅದು ನಮ್ಮ ಸೆಕ್ಷನ್ ಅಲ್ಲ."

ಅರ್ಜಿ ಬರೆಯಲು ಕೂತೆ. "ವಿಷಯ" ಸಲೀಸಾಗಿ ಬಂತು. "ಉಲ್ಲೇಖ" ಅನ್ನುವಲ್ಲಿ ಪೆನ್ನು ನಿಂತಿತು. "ಏನಾದರೂ ಬರೀಲೇಬೇಕು ಸಾರ್, ಖಾಲಿ ಬಿಟ್ಟರೆ ವಾಪಸ್ ಬರುತ್ತೆ" ಅಂದರು. "ಪತ್ನಿಯವರ ಮೌಖಿಕ ಆದೇಶ" ಅಂತ ಬರೆದೆ. ಯಾರೂ ಆಕ್ಷೇಪ ಎತ್ತಲಿಲ್ಲ. ಕಳೆದದ್ದಕ್ಕೆ ದಾಖಲೆ ಏನು ಅಂದಾಗ ಉಳಿದ ಓಲೆಯ ಜೆರಾಕ್ಸ್ ಲಗತ್ತಿಸುವುದು ಅಂತ ತೀರ್ಮಾನವಾಯಿತು. ಜೆರಾಕ್ಸ್ ಅಂಗಡಿಯ ಹುಡುಗ ಓಲೆಯನ್ನು ಗಾಜಿನ ಮೇಲಿಟ್ಟು, "ಎರಡೂ ಕಡೆ ಬೇಕಾ ಸಾರ್?" ಅಂದ.

ನಾಲ್ಕನೇ ಸಲ ಹೋದಾಗ ಅನುಮತಿ ಸಿಕ್ಕಿತು. ಭಾನುವಾರ 11ರಿಂದ 1, ಪಾರ್ಕು ಮುಚ್ಚಿರುವ ಹೊತ್ತು. ಕಾವಲುಗಾರ ಜೊತೆಗಿರಬೇಕು. ನೆಲ ಅಗೆಯುವಂತಿಲ್ಲ.

"ಚಮಚದಲ್ಲಿ ಕೆದಕಬಹುದಾ ಸಾರ್?"

"ಯಾವ ಸೈಜು ಚಮಚ?"

ಕಾಫಿ ಚಮಚಕ್ಕೆ ಒಪ್ಪಿಗೆಯಾಯಿತು.

ಪಾರ್ಕು ಮುಚ್ಚಿತ್ತು, ಆದರೆ ಸುದ್ದಿ ತೆರೆದೇ ಇತ್ತು. ಗೇಟಿನ ಸರಳಿನಾಚೆ ಬಡಾವಣೆಯ ಅರ್ಧ ಜನ ನಿಂತಿದ್ದರು. ಒಬ್ಬರು 1998ರಲ್ಲಿ ಕಳೆದ ಸ್ಕೂಟರ್ ಕೀ ಸಿಕ್ಕರೆ ಕೊಡಿ ಅಂದರು. ಸ್ಕೂಟರು ಮಾರಿ ಎಷ್ಟೋ ವರ್ಷವಾಗಿದೆ, ಸುಮ್ನೆ ನೋಡಬೇಕಿತ್ತಂತೆ.

ಮಿಷನ್ ಕೂಗಿತು. ನಿಲ್ಲಿಸದೆ ಕೂಗಿತು. ಚಾಕೊಲೇಟ್ ಹಾಳೆ, ಮಾತ್ರೆಯ ಪಟ್ಟಿ, ಮೊಳೆ, ಸೋಡಾ ಮುಚ್ಚಳ. 2011ರಲ್ಲೇ ಚಲಾವಣೆ ನಿಂತ ನಾಲ್ಕಾಣೆ ಒಂದು ಸಿಕ್ಕಿತು. ಕಾವಲುಗಾರ ಅದನ್ನು ತಿರುಗಿಸಿ ನೋಡಿ, "ಇಷ್ಟೇನಾ ನಿಧಿ" ಅಂತ ವಾಪಸ್ ಕೊಟ್ಟ. ಹಿರಿಯರ ಸಂಘದವರು ದಿನಾ ಪ್ರಾಣಾಯಾಮ ಮಾಡುವ ಮಂಟಪದ ಹಿಂದೆ ಮಿಷನ್ ಹುಚ್ಚು ಹಿಡಿದಂತೆ ಅರಚಿತು. ಕೆದಕಿದರೆ ಬಿಯರ್ ಬಾಟಲಿಯ ಮುಚ್ಚಳಗಳು, ಒಟ್ಟು ಹದಿನಾಲ್ಕು. ಗೇಟಿನಾಚೆ ಇದ್ದ ಸಂಘದ ಅಧ್ಯಕ್ಷರಿಗೆ ಮನೆಯಲ್ಲಿ ಹಾಲು ಒಲೆ ಮೇಲಿಟ್ಟದ್ದು ನೆನಪಾಯಿತು.

ಒಂದಕ್ಕೆ ಐದು ನಿಮಿಷ ಇದ್ದಾಗ, ಸಂಪಿಗೆ ಮರದ ಬೇರಿನ ಹತ್ತಿರ, ಇದೆಯೋ ಇಲ್ಲವೋ ಅನ್ನುವಂಥ ಕೂಗು. ಕಾಫಿ ಚಮಚದ ತುದಿಯಲ್ಲಿ ಮಣ್ಣು, ಮಣ್ಣಿನಲ್ಲಿ ತಿರುಪು! ನಾನು ಓಡಿದೆ. ಕಾವಲುಗಾರನೂ ಓಡಿದ. ಬಹುಶಃ ಅದೂ ಅನುಮತಿಯ ಷರತ್ತು.

ನಮ್ಮಾಕೆ ತೊಳೆದು, ಒರೆಸಿ, ಓಲೆಗೆ ಹಾಕಿ ತಿರುಗಿಸಿದಳು. ಹೋಗಲಿಲ್ಲ. ಎಡಕ್ಕೆ ತಿರುಗಿಸಿದಳು. ಹೋಗಲಿಲ್ಲ. ಆಚಾರಿ ಕನ್ನಡಕ ಏರಿಸಿ ನೋಡಿ, "ಚಿನ್ನವೇ. ಆದರೆ ಮರೆ ಬೇರೆ, ತಿರುಪಿನ ಒಳಸುತ್ತು ಹೊಂದಲ್ಲ. ಇದು ನಿಮ್ಮದಲ್ಲ ಅಮ್ಮ" ಅಂದರು.

ಈಗ ಬೇರೆ ಯಾರದೋ ತಿರುಪು ನಮ್ಮ ಮನೆಯಲ್ಲಿದೆ. ಏನು ಮಾಡುವುದು ಅಂತ ಕೇಳಲು ಮತ್ತೆ ಗುಮಾಸ್ತರ ಹತ್ತಿರ ಹೋದೆ. "ಒಂದು ಅರ್ಜಿ ಬರೀರಿ" ಅಂದರು. ಅರ್ಜಿ ಬದಲು ಗೇಟಿಗೆ ಒಂದು ಚೀಟಿ ಅಂಟಿಸಿದ್ದೇವೆ. ದಿನಾ ಬೆಳಿಗ್ಗೆ ನಮ್ಮಾಕೆ ಕಲ್ಲುಬೆಂಚಿನ ಮೇಲೆ ಡಬ್ಬಿ ಹಿಡಿದು ಕೂರುತ್ತಾಳೆ. ಕಳೆದುಕೊಂಡವರು ತಮ್ಮ ಓಲೆ ತಂದು ಹಾಕಿ ನೋಡಬೇಕು. ಇಲ್ಲಿಯವರೆಗೆ ಹನ್ನೊಂದು ಜನ ಬಂದು ಹೋದರು, ಯಾರದಕ್ಕೂ ಕೂರಲಿಲ್ಲ. ನಿನ್ನೆ ಒಬ್ಬರು ಮೂಗುತಿ ತಂದಿದ್ದರು.