ಮುಯ್ಯಿ ಇಲ್ಲದ ಉಡುಗೊರೆ

ಬ್ರಿಟನ್ನಿನ ರಾಜಕುಮಾರ ಹ್ಯಾರಿ ಮತ್ತು ಮೇಘನ್ ದಂಪತಿ ತಮ್ಮ ಮೊದಲ ಮಗುವಿನ ನಿರೀಕ್ಷೆಯಲ್ಲಿದ್ದ 2019ರ ಏಪ್ರಿಲ್‌ನಲ್ಲಿ, ಉಡುಗೊರೆ ಕಳುಹಿಸಲು ಮುಂದಾಗಿದ್ದ ಜನರಿಗೆ ಇನ್‌ಸ್ಟಾಗ್ರಾಂ ಮೂಲಕ ಒಂದು ಕೋರಿಕೆಯನ್ನು ಮುಂದಿಟ್ಟರು. ತಮಗೆ ಏನನ್ನೂ ಕಳುಹಿಸದೆ, ಮಕ್ಕಳಿಗಾಗಿ ದುಡಿಯುವ ನಾಲ್ಕು ಸಂಸ್ಥೆಗಳಿಗೆ ನೆರವಾಗಬೇಕೆಂಬುದು ಅದರ ಸಾರ. ಅಭಿಮಾನಿಗಳು ಅದಕ್ಕೂ ಮೊದಲೇ ತಾವಾಗಿ ಮಗುವಿನ ನೆಪದಲ್ಲಿ ದೇಣಿಗೆ ಸಂಗ್ರಹಕ್ಕೆ ಇಳಿದಿದ್ದರು. ಅದಕ್ಕೆ ಎರಡು ತಿಂಗಳ ಮೊದಲು ನ್ಯೂಯಾರ್ಕಿನ ದುಬಾರಿ ಹೋಟೆಲೊಂದರಲ್ಲಿ ಗೆಳತಿಯರು ಮೇಘನ್‌ಗಾಗಿ ನಡೆಸಿಕೊಟ್ಟ ಸೀಮಂತದಂಥ ಸಮಾರಂಭದ ಖರ್ಚನ್ನು ಬ್ರಿಟನ್ನಿನ ಪತ್ರಿಕೆಗಳು ಟೀಕಿಸಿದ್ದವು. ಟೀಕೆ ನ್ಯಾಯವಾದದ್ದೇ ಇರಬಹುದು. ಆದರೆ ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋರಿಕೆಯ ರೀತಿ.

ಆ ನಾಲ್ಕರಲ್ಲಿ ಲಿಟಲ್ ವಿಲೇಜ್ ಎಂಬುದು ನಮ್ಮ ಲಂಡನ್ನಿನದೇ. ಐದು ವರ್ಷದೊಳಗಿನ ಮಕ್ಕಳ ಬಟ್ಟೆ, ಆಟಿಕೆ, ತೊಟ್ಟಿಲು, ತಳ್ಳುಗಾಡಿಗಳನ್ನು ಬಳಸಿದವರಿಂದ ಪಡೆದು, ಸ್ವಯಂಸೇವಕರು ಒಂದೊಂದನ್ನೂ ಪರೀಕ್ಷಿಸಿ, ಇಂಥ ವಯಸ್ಸಿನ ಇಂಥ ಮಗುವಿಗೆಂದು ಗಂಟು ಕಟ್ಟುತ್ತಾರೆ. ಯಾವ ಮನೆಗೆ ಅಗತ್ಯವಿದೆ ಎಂಬುದನ್ನು ಸೂಲಗಿತ್ತಿ ದಾದಿಯರು, ಸಮಾಜ ಕಾರ್ಯಕರ್ತರು ತಿಳಿಸುತ್ತಾರೆ. ಕೊಟ್ಟವರಿಗೆ ಪಡೆದವರ ಮುಖ ಕಾಣುವುದಿಲ್ಲ. ದಕ್ಷಿಣ ಆಫ್ರಿಕಾದ ಶಾಲಾಮಕ್ಕಳಿಗೆ ಊಟ ಒದಗಿಸುವ ಲಂಚ್‌ಬಾಕ್ಸ್ ಫಂಡ್, ತೀವ್ರ ಕಾಯಿಲೆಯ ಮಕ್ಕಳನ್ನು ಮನೆಯಲ್ಲೇ ಆರೈಕೆ ಮಾಡಲು ನೆರವಾಗುವ ವೆಲ್‌ಚೈಲ್ಡ್, ಅಮೆರಿಕದ ಬಡ ಮಕ್ಕಳಿಗೆ ಡೈಪರ್ ಮತ್ತು ಬಟ್ಟೆ ಹಂಚುವ ಬೇಬಿ2ಬೇಬಿ ಉಳಿದ ಮೂರು. ಹಣ ದಂಪತಿಯ ಕೈ ಹಾಯದೆ ನೇರವಾಗಿ ಸಂಸ್ಥೆಗಳಿಗೇ ಸೇರುತ್ತಿತ್ತು ಎಂಬುದೂ ಗಮನಾರ್ಹ.

ನಮ್ಮಲ್ಲಿ ಈ ಕೋರಿಕೆ ಸುಲಭವಲ್ಲ. ಹುಟ್ಟದ ಮಗುವಿಗೆ ಏನನ್ನೂ ಕೊಳ್ಳಬಾರದೆಂಬ ಹಿರಿಯರ ಕಟ್ಟುಪಾಡಿನಿಂದಾಗಿ ನಮ್ಮ ಸೀಮಂತ ಬಸುರಿಯದೇ ಹಬ್ಬ: ಹಸಿರು ಬಳೆ, ಹೂವು, ಸೀರೆ, ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಅವಳು ಬಯಸಿದ ತಿಂಡಿ. ಅಮ್ಮನನ್ನು ಮರೆಯದ ಈ ಪದ್ಧತಿ, ಮಗುವಿನ ಸಾಮಾನಿನ ಪಟ್ಟಿ ಹಿಡಿದು ಅಂಗಡಿಗೆ ಕಳುಹಿಸುವ ಪಾಶ್ಚಾತ್ಯ ಪದ್ಧತಿಗಿಂತ ಮೇಲು ಎಂದೇ ನನ್ನ ಅಭಿಪ್ರಾಯ. ತೊಡಕಿರುವುದು ಮುಯ್ಯಿಯಲ್ಲಿ. ಊರ ಮದುವೆಗಳಲ್ಲಿ ಚಪ್ಪರದ ಮೂಲೆಯಲ್ಲೊಬ್ಬರು ಪುಸ್ತಕ ತೆರೆದು ಕುಳಿತು, ಯಾರು ಎಷ್ಟು ಕೊಟ್ಟರೆಂದು ಹೆಸರು ಸಮೇತ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಕಾರ್ಯಕ್ಕೆ ಹೋಗುವ ಮುನ್ನ ಅದೇ ಪುಟ ತಿರುವಲಾಗುತ್ತದೆ. ಸೀಮಂತಕ್ಕೆ ಪುಸ್ತಕವಿಲ್ಲದಿದ್ದರೂ ಲೆಕ್ಕ ಎಲ್ಲರ ಮನಸ್ಸಿನಲ್ಲಿರುತ್ತದೆ. ಕಷ್ಟಕಾಲದಲ್ಲಿ ಬಂಧುಗಳನ್ನು ಎತ್ತಿ ನಿಲ್ಲಿಸಿದ ಏರ್ಪಾಡು ಇದು, ಅಲ್ಲಗಳೆಯಲಾರೆ. ಆದರೆ ತಿರುಗಿ ಕೊಡಲಾರದವರಿಗೆ ಅದರಲ್ಲಿ ಜಾಗವಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುವವರೂ ಲೆಕ್ಕವನ್ನು ನಿಲ್ಲಿಸುತ್ತಾರೆಯೇ ಹೊರತು ಆ ಹಣ ಬೇರೆಲ್ಲಿಗೆ ಹೋಗಬಹುದೆಂದು ಹೇಳುವುದಿಲ್ಲ.

ದಾನ ನಮಗೆ ಹೊಸದೇನಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಬೆಂಗಳೂರಿನವರು ಅನಾಥಾಶ್ರಮಗಳಲ್ಲಿ ಊಟ ಹಾಕಿಸುತ್ತಾರೆ. ಕೇಕ್ ಕತ್ತರಿಸುವವರೆಗೂ ಆ ಮಕ್ಕಳು ಸಾಲಾಗಿ ಕುಳಿತು, ಗುರುತಿಲ್ಲದ ಮಗುವಿಗಾಗಿ ಹಾಡಬೇಕು, ಆಮೇಲೆ ಫೋಟೊ. ಹಸಿದವರ ಹೊಟ್ಟೆ ತುಂಬುವುದು ನಿಜ, ಆದರೂ ನನಗೆ ಇದನ್ನು ನೋಡಲಾಗುವುದಿಲ್ಲ. ಅದಕ್ಕಿಂತ ನಮ್ಮ ಅಂಗನವಾಡಿಗಳಲ್ಲಿ ನಡೆಯುವ ಸಾಮೂಹಿಕ ಸೀಮಂತ ಎಷ್ಟೋ ವಾಸಿ. ಊರಿನ ಬಸುರಿಯರನ್ನು ಒಟ್ಟಿಗೆ ಕೂರಿಸಿ ಅರಿಶಿನ ಕುಂಕುಮ, ಬಳೆ ಕೊಟ್ಟು, ಪೌಷ್ಟಿಕ ಆಹಾರದ ಬಗ್ಗೆ ತಿಳಿಹೇಳುವ ಆ ಕಾರ್ಯಕ್ರಮದಲ್ಲಿ ಪಡೆಯುವವಳೇ ಹಬ್ಬದ ಒಡತಿ.

ಲಂಡನ್ನಿನ ಕನ್ನಡ ಮನೆಗಳಿಗೆ ನಾನು ಹೇಳುವುದಿಷ್ಟು: ಬಳೆ, ಸೀರೆ, ಮಡಿಲಕ್ಕಿಯನ್ನು ಬಿಡಬೇಕಿಲ್ಲ, ಅದು ಬಸುರಿಯ ಹಕ್ಕು. ಇಲ್ಲಿನ ರೂಢಿಯಂತೆ ಮಗುವಿಗೆಂದು ಬರುವ ಸಾಮಾನುಗಳನ್ನು ಮಾತ್ರ ಇಂಥ ಸಂಸ್ಥೆಗೆ, ಇಲ್ಲವೇ ಊರಿನ ಅಂಗನವಾಡಿಗೆ ತಲುಪಿಸಿರೆಂದು ಆ ಸಂಸ್ಥೆಯ ಹೆಸರು ಸಮೇತ ಆಹ್ವಾನದಲ್ಲೇ ತಿಳಿಸಬಹುದು. ಹುಟ್ಟದ ಮಗುವಿಗೆ ಕೊಳ್ಳಬಾರದೆಂಬ ಅಜ್ಜಿಯರ ಮಾತನ್ನೂ ಆಗ ಮೀರಿದಂತಾಗುವುದಿಲ್ಲ. ಯಾರು ಎಷ್ಟು ಕೊಟ್ಟರೆಂಬುದು ಮನೆಯವರಿಗೂ ತಿಳಿಯದಂತೆ ನೋಡಿಕೊಳ್ಳುವುದು ಕಷ್ಟದ ಭಾಗ. ಅದಕ್ಕೆ ನಮ್ಮ ಚಿಕ್ಕಮ್ಮಂದಿರು ಒಪ್ಪುವರೇ ಎಂಬ ಅಳುಕು ನನಗಿನ್ನೂ ಇದೆ.