ಅರ್ಥ ಗೊತ್ತು, ಬಳಸೋಕೆ ಬರಲ್ಲ ಅನ್ನುವವರಿಗೆ

ಮೈಸೂರು, ಮಂಡ್ಯದಲ್ಲಿ ಬ್ಯಾಂಕ್ ಪರೀಕ್ಷೆಗೋ ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೋ ಓದುತ್ತಿರುವವರಲ್ಲಿ ಒಂದು ಕೋರಿಕೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಒಂದೇ ಅರ್ಥ ಇರುವ ಜೆರಾಕ್ಸ್ ಪಟ್ಟಿಗಳನ್ನು ಉರು ಹೊಡೆಯಬೇಡಿ.

ಕಾಂಪ್ಲೈ, ಅಬೈಡ್, ಅಡ್ಹಿಯರ್ ಮೂರಕ್ಕೂ ಅಂಥ ಪಟ್ಟಿಯಲ್ಲಿ 'ಪಾಲಿಸು' ಅಂತಲೇ ಇರುತ್ತದೆ. ಕನ್ನಡದಲ್ಲಿ ನಿಯಮವನ್ನು ಪಾಲಿಸುತ್ತೇವೆ. ಅದೇ ಅಭ್ಯಾಸದಲ್ಲಿ 'ಕಾಂಪ್ಲೈ ದ ರೂಲ್ಸ್' ಅಂತ ಬರೆದುಬಿಡುತ್ತೇವೆ. ಅಲ್ಲೇ ಮಾರ್ಕ್ಸ್ ಹೋಗುವುದು. ಸರಿಯಾದದ್ದು ಕಾಂಪ್ಲೈ ವಿತ್, ಅಬೈಡ್ ಬೈ, ಅಡ್ಹಿಯರ್ ಟು. ನಮ್ಮಲ್ಲಿ ವಿಭಕ್ತಿ ಮಾಡುವ ಕೆಲಸವನ್ನು ಅಲ್ಲಿ ಆ ಪುಟ್ಟ ಪದ ಮಾಡುತ್ತದೆ. ಹಾಗೆಯೇ ಮಿಟಿಗೇಟ್ ಅಂದರೆ ಬರೀ 'ಕಡಿಮೆ ಮಾಡು' ಅಲ್ಲ. ರಿಸ್ಕ್, ಡ್ಯಾಮೇಜ್, ಬರಗಾಲದ ಪರಿಣಾಮ ಇಂಥ ಕೆಡುಕುಗಳ ಜೊತೆಗೇ ಅದು ಬರುವುದು. ಬೆಲ್ಲದ ರೇಟು ಇಳಿಸೋಕೆ ರೆಡ್ಯೂಸ್ ಸಾಕು.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ಪದಕ್ಕೂ ಅರ್ಧ ಪುಟ ಕೊಡಿ: ಉಚ್ಚಾರಣೆಯಲ್ಲಿ ಒತ್ತು ಎಲ್ಲಿ, ಜೊತೆಗೆ ಬರುವ ಎರಡು ಮೂರು ಪದಗಳು ಯಾವುವು, ನಿಮ್ಮದೇ ಒಂದು ವಾಕ್ಯ. ಕೆಆರ್‌ಎಸ್ ನೀರಿನ ಮಟ್ಟ, ಕಬ್ಬಿನ ಬಾಕಿ, ದಸರಾ ಟ್ರಾಫಿಕ್, ನಿಮಗೆ ಗೊತ್ತಿರುವ ವಿಷಯದ ಮೇಲೆಯೇ ಬರೆಯಿರಿ. ದಿನಕ್ಕೆ ಐದಾರು ಪದ ಸಾಕು.

ಮರೆವಿಗೂ ಒಂದು ಲೆಕ್ಕವಿದೆ. ಕಲಿತ ಮೊದಲ ಒಂದೆರಡು ದಿನದಲ್ಲೇ ಹೆಚ್ಚು ಸೋರಿಹೋಗುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹಾಸ್ 1885ರಲ್ಲೇ ತೋರಿಸಿದ. ಹಾಗಾಗಿ ಮರುದಿನ, ಮೂರನೇ ದಿನ, ವಾರಕ್ಕೆ, ಮೂರು ವಾರಕ್ಕೆ ತಿರುಗಿ ನೋಡಿ. ಸುಮ್ಮನೆ ಕಣ್ಣಾಡಿಸಿದರೆ 'ಇದು ಗೊತ್ತು' ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಕೈಕೊಡುತ್ತದೆ. ಪದ ಮುಚ್ಚಿ, ಖಾಲಿ ಬಿಟ್ಟ ವಾಕ್ಯ ನೋಡಿ, ನೆನಪಿನಿಂದ ಬರೆಯಿರಿ.

ಎಮಿನೆಂಟ್ (ಹೆಸರಾಂತ), ಇಮಿನೆಂಟ್ (ಇನ್ನೇನು ಆಗಲಿರುವ) ತರಹದ ಜೋಡಿಗಳನ್ನು ಮಾತ್ರ ಒಂದೇ ದಿನ ಕಲಿಯಬೇಡಿ, ಒಂದಕ್ಕೊಂದು ತಳುಕು ಹಾಕಿಕೊಳ್ಳುತ್ತವೆ. ಧಾತು ನೋಡಿ ಊಹಿಸುವುದು ಒಳ್ಳೆಯದೇ, ಆದರೆ ನಿಘಂಟು ತೆಗೆದು ಖಚಿತ ಮಾಡಿಕೊಳ್ಳಿ: ನಾಯ್ಸಮ್‌ಗೂ ಗಲಾಟೆಗೂ ಸಂಬಂಧವಿಲ್ಲ, ದುರ್ವಾಸನೆ ಬೀರುವ ಅಂತ ಅದರ ಅರ್ಥ. ಎನರ್ವೇಟ್ ಅಂದರೆ ಶಕ್ತಿ ತುಂಬುವುದಲ್ಲ, ಹಿಂಡುವುದು.

ಎಲ್ಲಿಂದ ಶುರು? ನ್ಯೂಜಿಲೆಂಡಿನ ಭಾಷಾ ಸಂಶೋಧಕಿ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ, ಅಂದರೆ ಓದಿನ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಪದಗಳ ಪಟ್ಟಿಯಲ್ಲಿ, 570 ಪದಕುಟುಂಬಗಳಿವೆ (ಒಂದೇ ಮೂಲದಿಂದ ಬಂದ ಪದಗಳ ಗುಂಪುಗಳು). ಅಪರೂಪದ ಪದಗಳ ಬೆನ್ನು ಹತ್ತುವ ಮೊದಲು ಇವು ಕೈಗೆ ಹತ್ತಲಿ. ಅರ್ಥ ಬೇಕಾದಾಗ ಮೊದಲು, ಕಲಿಯುವವರಿಗೆಂದೇ ಸರಳ ಇಂಗ್ಲಿಷಿನಲ್ಲಿ ಮಾಡಿದ ನಿಘಂಟು ನೋಡಿ, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು. ಅದರಲ್ಲಿ ಒಂದು ಪದಕ್ಕೆ ಹಲವು ಅರ್ಥ ಇರುತ್ತವೆ. ಮೊದಲನೆಯದಕ್ಕೇ ನಿಲ್ಲದೆ, ನಿಮ್ಮ ವಾಕ್ಯಕ್ಕೆ ಹೊಂದುವುದು ಸಿಗುವ ತನಕ ಓದಿ.